ಒಂಬತ್ತನೇ ತುಂಡಿನ ಹುಲ್ಲು

ಹುಲ್ಲಿನ ಶಿಬಿರ, ಲೈಕಿಪಿಯಾ
೧೧ ಮೇ ೨೦೨೫

ಸಿರೊಂಕಾ,

ಪ್ರಿಯ ಎಂದು ಬರೆಯಲು ಹೋದೆ, ಪೆನ್ನು ನಿಂತಿತು. ಡಾಕ್ಟರ್ ಎಂದು ಬರೆಯಲು ಹೋದೆ, ನಗು ಬಂತು. ಆದ್ದರಿಂದ ನಿನ್ನ ತಾಯಿ ಇಟ್ಟ ಹೆಸರಷ್ಟೇ. ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದು ನೀನು ಕಳಿಸಿದ ಲಕೋಟೆಯ ದಪ್ಪ ನೋಡಿಯೇ ತಿಳಿಯಿತು.

ನೀನು ಈ ಶಿಬಿರ ಬಿಟ್ಟು ನೈರೋಬಿಗೆ ಹೋಗಿ ಏಳು ವರ್ಷವಾಯಿತು. ಏಳು ವರ್ಷದಲ್ಲಿ ನನಗೆ ಬಂದ ನಿನ್ನ ಮೊದಲ ಕಾಗದ ಇದು. ನಿನ್ನ ಚಾಲಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. “ಸಹಿ ಹಾಕಿಸಿಕೊಂಡೇ ಬಾ ಅಂದಿದಾರೆ ಡಾಕ್ಟ್ರು,” ಅಂದ. “ಹಾಗಾದ್ರೆ ನೀನು ಇಲ್ಲೇ ಒಂದು ಮನೆ ಕಟ್ಕೋಬೇಕಾಗತ್ತೆ ಮಗಾ, ಗೋಡೆಗೆ ಸಗಣಿ ನಾನೇ ಕೊಡ್ತೀನಿ,” ಅಂದೆ. ಪಾಪ, ಚಹಾ ಕುಡಿದು ಹೊರಟುಹೋದ.

ಲಕೋಟೆಯಲ್ಲಿದ್ದದ್ದು ಮೂರು. ಇಪ್ಪತ್ತನಾಲ್ಕನೇ ತಾರೀಖಿನ ಸಮಾರಂಭದ ಕಾರ್ಡು, ಹುಲ್ಲಿನ ಅಧ್ಯಯನಕ್ಕೆ ಮೂವತ್ತು ವರ್ಷ ತುಂಬಿದ್ದಕ್ಕೆ. ಅಂದು ನೀನು ಓದಲಿರುವ ಭಾಷಣ. ಮತ್ತು ನಾನು ಸಹಿ ಹಾಕಬೇಕಾದ ಹೇಳಿಕೆ: ೨೦೦೯ರ ಬರಗಾಲದಲ್ಲಿ ಬಯಲಿನ ಒಂಬತ್ತನೇ ತುಂಡಿನ ಬೇಲಿಬಾಗಿಲನ್ನು ಒಂದು ದಿನವೂ ತೆರೆದಿಲ್ಲ, ಆ ವರ್ಷದ ಮೂಲ ಎಣಿಕೆ ಪುಸ್ತಕವನ್ನು ಗೆದ್ದಲು ತಿಂದಿದೆ. ಹೇಳಿಕೆಗೆ ಗುಂಡುಸೂಜಿ ಹಾಕಿ ಸಿಕ್ಕಿಸಿದ ಚೀಟಿ ಮಾತ್ರ ನಿನ್ನ ಕೈಬರಹದ್ದು. ಇದು ಬರೀ ಔಪಚಾರಿಕ, ಆ ಹುಡುಗಿಯ ಬಾಯಿ ಮುಚ್ಚಿಸಲು, ಎಂದು ಬರೆದಿದ್ದೀಯ. ಬರುವಾಗ ಮಣಿಸರಗಳನ್ನು ಹಾಕಿಕೊಂಡು ಬಾ, ಮೊದಲ ಸಾಲಿನಲ್ಲಿ ಕುರ್ಚಿ ಇಡಿಸಿದ್ದೇನೆ, ಎಂದೂ ಬರೆದಿದ್ದೀಯ. ಮೂವತ್ತು ವರ್ಷ ಬಿಸಿಲಲ್ಲಿ ಮಂಡಿಯೂರಿದವಳಿಗೆ ಕುರ್ಚಿ. ನಿನ್ನ ಉದಾರತೆ ಯಾವಾಗಲೂ ಪೀಠೋಪಕರಣದ ರೂಪದಲ್ಲೇ ಬರುತ್ತದೆ.

ಆ ಹುಡುಗಿ ಎಂದರೆ ಮ್ವೆಂಡೆ. ಅವಳ ಹೆಸರು ನಿನಗೆ ಗೊತ್ತು, ಅವಳ ಪ್ರಬಂಧಕ್ಕೆ ಮಾರ್ಗದರ್ಶಕ ನೀನೇ. ಉಗ್ರಾಣದಲ್ಲಿ ವರ್ಷವರ್ಷವೂ ತುಂಡುಗಳಲ್ಲಿ ಹುಳು ಹಿಡಿಯಲು ತೋಡಿದ ಕುಳಿಗಳಿಗೆ ಬಿದ್ದ ಹುಳುಗಳನ್ನು ಸಾರಾಯಿಯಲ್ಲಿ ಹಾಕಿಟ್ಟ ಬಾಟಲಿಗಳಿವೆಯಲ್ಲ, ಯಾರೂ ಮುಟ್ಟದವು, ಅವನ್ನು ಅವಳು ಒಂದೊಂದಾಗಿ ತೆರೆದು ಎಣಿಸಿದಳು. ಒಂಬತ್ತನೇ ತುಂಡಿನ ಬಾಟಲಿಗಳಲ್ಲಿ ದಪ್ಪ ಸಗಣಿ ಹುಳು ವರ್ಷಕ್ಕೆ ಒಂದೋ ಎರಡೋ ಇದ್ದರೆ ಹೆಚ್ಚು. ೨೦೦೯ರ ಅಕ್ಟೋಬರಿನ ಬಾಟಲಿಯಲ್ಲಿ ಅರವತ್ತೆಂಟು. ಬಾಟಲಿಯನ್ನು ನನ್ನ ಮುಂದೆ ಇಟ್ಟು ಕೇಳಿದಳು, “ಅಮ್ಮಾ, ದನವೇ ಇಲ್ಲದ ಜಾಗದಲ್ಲಿ ಇವೇನು ತಿಂತಿದ್ವು, ಗಾಳೀನಾ?”

“ಆ ವರ್ಷ ಎಲ್ರೂ ಗಾಳೀನೇ ತಿಂದಿದ್ದು,” ಅಂದೆ. ಅವಳು ನಗಲಿಲ್ಲ. ನನಗೆ ಅವಳ ಮೇಲೆ ಗೌರವ ಬಂದದ್ದು ಆ ಕ್ಷಣದಲ್ಲಿ.

ಹುಳುಗಳಿಗೆ ರೆಕ್ಕೆಯಿದೆ, ಪಕ್ಕದಿಂದ ಹಾರಿ ಬಂದಿರುತ್ತವೆ, ಎಂದು ನೀನು ಅವಳಿಗೆ ಉತ್ತರ ಬರೆದೆಯಂತೆ. ಹಾರುತ್ತವೆ, ನಿಜ. ಸಗಣಿಯಿದ್ದ ಕಡೆಗೆ ಹಾರುತ್ತವೆ. ಇದನ್ನು ನಮ್ಮ ಹಟ್ಟಿಯ ಐದು ವರ್ಷದ ಮಗು ನಿನಗೆ ಹೇಳಿಕೊಡಬಲ್ಲದು. ನೀನೂ ಒಂದು ಕಾಲಕ್ಕೆ ಅಂಥ ಮಗುವೇ ಆಗಿದ್ದೆ.

ನಿನ್ನ ಭಾಷಣವನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲಿ ಅತಿಥಿಗಳಿಗೆ ಎಲ್ಲವನ್ನೂ ಸರಳವಾಗಿ ವಿವರಿಸಿದ್ದೀಯ: ಬಯಲನ್ನು ಹನ್ನೆರಡು ತುಂಡು ಮಾಡಿದ್ದು, ಕೆಲವಕ್ಕೆ ದನ ಬರಬಹುದು, ಕೆಲವಕ್ಕೆ ಜೀಬ್ರಾ ಆನೆ ಬರಬಹುದು, ಬೇಲಿ ಹಾಕಿದ ಒಂಬತ್ತನೆಯದಕ್ಕೆ ಗೊರಸು ಪಾದ ಯಾವುದೂ ಬರಕೂಡದು, ಪ್ರತಿ ವರ್ಷ ಸರಳುಗಳ ಚೌಕಟ್ಟನ್ನು ನೆಲಕ್ಕಿಳಿಸಿ, ಪ್ರತಿ ಸರಳಿನ ತುದಿ ಯಾವ ಹುಲ್ಲಿಗೆ ತಾಗಿತು ಎಂದು ಬರೆಯುವುದು. “ಬರೆಯಲಾಯಿತು” ಎಂದಿದ್ದೀಯ. ಯಾರು ಬರೆದರು ಎಂದಿಲ್ಲ. ತಾನಾಗಿಯೇ ಬರೆದುಕೊಂಡಿರಬೇಕು. ಮೊದಲ ವರ್ಷ ನಾನು ಹುಲ್ಲಿನ ಹೆಸರನ್ನು ನಮ್ಮ ಮಾತಿನಲ್ಲಿ ಕೂಗುತ್ತಿದ್ದೆ, ನೀನು ಅದನ್ನು ಲ್ಯಾಟಿನ್ನಿಗೆ ಹಾಕಿಕೊಳ್ಳುತ್ತಿದ್ದೆ. ಮೂರನೇ ವರ್ಷಕ್ಕೆ ಲ್ಯಾಟಿನ್ನೂ ನಾನೇ ಕೂಗಿದೆ. ಐದನೇ ವರ್ಷಕ್ಕೆ ನೀನು ಬಯಲಿಗೆ ಬರುವುದನ್ನು ಬಿಟ್ಟೆ. ನಾನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಚೀಟಿಗಳಲ್ಲಿ ಪೆನ್ಸಿಲಿನಿಂದ ತಪ್ಪು ತಿದ್ದುವುದು ಮಾತ್ರ ನಿನ್ನ ಕೆಲಸವಾಯಿತು. ನಿನ್ನ ಪೆನ್ಸಿಲ್ ಸದಾ ಚೂಪಾಗಿರುತ್ತಿತ್ತು.

ನಾಲ್ಕನೇ ಪುಟ ಓದುವಾಗ ಜೋರಾಗಿ ನಕ್ಕೆ, ಬಾಗಿಲಲ್ಲಿ ಮಲಗಿದ್ದ ಮೇಕೆ ತಲೆಯೆತ್ತಿ ನೋಡಿತು. ನಿನ್ನ ಅಪ್ಪ ಬಂದ ದಿನದ ವರ್ಣನೆ ಅದು. ನಮ್ಮ ಜನರಲ್ಲಿ ಹುಲ್ಲು ಹಿಡಿದು ಎತ್ತಿದ ಕೈಯನ್ನು ಯಾರೂ ಹೊಡೆಯುವುದಿಲ್ಲ, ಅದು ಬೇಡಿದ್ದನ್ನು ಇಲ್ಲವೆನ್ನುವುದಿಲ್ಲ, ಎಂದು ಚೆಂದವಾಗಿ ಬರೆದಿದ್ದೀಯ. ಬರಗಾಲದಲ್ಲಿ ಮುದುಕ ತಂದೆ ಹುಲ್ಲು ಹಿಡಿದು ಬೇಲಿಯಾಚೆ ನಿಂತ. ವಿಜ್ಞಾನಕ್ಕಾಗಿ ಮಗ ಕಣ್ಣೀರಿಟ್ಟು ಇಲ್ಲವೆಂದ. ತಂದೆ ಅರ್ಥಮಾಡಿಕೊಂಡು ಮಗನ ಅಂಗೈಗೆ ಉಗುಳಿ ಹರಸಿದ. ಆಮೇಲೆ, ಸತ್ತವರ ಹೆಸರು ಹೇಳಬಾರದೆಂಬುದನ್ನೂ ಮರೆತು, ಅಪ್ಪನ ಹೆಸರನ್ನು ಮೂರು ಸಲ ಅಚ್ಚು ಹಾಕಿಸಿದ್ದೀಯ. ಇಲ್ಲಿ ಆ ಹೆಸರನ್ನು ಹದಿನಾಲ್ಕು ವರ್ಷದಿಂದ ಯಾರೂ ಬಾಯಲ್ಲಿ ತಂದಿಲ್ಲ.

ನಿನಗೆ ನೆನಪಿಲ್ಲದಿದ್ದರೆ ನಾನು ಹೇಳುತ್ತೇನೆ. ನೆನಪಿದ್ದರೂ ಹೇಳುತ್ತೇನೆ.

ಸೆಪ್ಟೆಂಬರ್. ನಿನ್ನ ಅಪ್ಪ ಎರಡು ದಿನ ನಡೆದು ದನ ಹೊಡೆದುಕೊಂಡು ಬಂದರು. ದನ ಎಷ್ಟು ಎಂದು ಅವರು ಹೇಳಲಿಲ್ಲ, ದನವನ್ನು ಎಣಿಸಿ ಹೇಳುವವರಲ್ಲ ಅವರು. ನಾನು ಎಣಿಸಿದೆ, ಕೆಟ್ಟ ಚಾಳಿ: ಐವತ್ತಮೂರು. ಪಕ್ಕೆಲುಬು ಇನ್ನೂ ಸುಲಭವಾಗಿ ಎಣಿಸಬಹುದಿತ್ತು. ನೀನು, ಅಧ್ಯಯನಕ್ಕೆ ಹಣ ಕೊಡುವ ಸಂಸ್ಥೆಯ ಮೂವರು ಟೋಪಿಯವರಿಗೆ ಒಂಬತ್ತನೇ ತುಂಡು ತೋರಿಸುತ್ತಿದ್ದೆ. ಅಪ್ಪನಿಗೆ ಬೇಡಲು ಕೈಯಲ್ಲಿ ಹುಲ್ಲು ಬೇಕು. ಬಯಲಿನಲ್ಲಿ ಹುಲ್ಲೆಲ್ಲಿತ್ತು? ಕೆಂಪು ಮಣ್ಣು, ಕಲ್ಲು, ಒಣಗಿದ ಗೊರಸಿನ ಗುರುತು. ಅವರು ತಂತಿಯೊಳಗೆ ಮೊಳಕೈತನಕ ತೋಳು ತೂರಿಸಿ ಬೇಲಿಯ ಒಳಗಿನ ಹುಲ್ಲನ್ನೇ ಒಂದು ಹಿಡಿ ಕಿತ್ತರು. ಮುಳ್ಳುತಂತಿ ತೋಳು ಗೀರಿತು. ಆ ಹಿಡಿಯನ್ನು ಎತ್ತಿ ನಿಂತರು.

ನೀನು ಹೇಳಿದ ಮೊದಲ ಮಾತು, “ಅಪ್ಪಾ, ಅದನ್ನ ಕೀಳಬಾರದು, ಅದು ಎಣಿಸೋ ಹುಲ್ಲು.”

“ಎಣಿಸಿ ಆಯ್ತಲ್ಲಪ್ಪ. ಇನ್ನು ತಿನ್ನಬಹುದಲ್ಲ?”

ಟೋಪಿಯವರಲ್ಲಿ ಒಬ್ಬ, ಇವರೇನು ಹೇಳುತ್ತಿದ್ದಾರೆ ಎಂದು ಕೇಳಿದ. ಸ್ಥಳೀಯ ಪಶುಪಾಲಕರು ನಮ್ಮ ಕೆಲಸಕ್ಕೆ ಶುಭ ಹಾರೈಸುತ್ತಿದ್ದಾರೆ, ಎಂದು ನೀನು ಇಂಗ್ಲಿಷಿನಲ್ಲಿ ಹೇಳಿದೆ. ಸ್ಥಳೀಯ ಪಶುಪಾಲಕ. ಕಣ್ಣೀರಿರಲಿಲ್ಲ, ಧೂಳಿಗೆಂದು ಕಪ್ಪು ಕನ್ನಡಕ ಹಾಕಿದ್ದೆ. ಉಗುಳಿದ್ದು ನಿಜ. ಆದರೆ ನಿನ್ನ ಅಂಗೈಗಲ್ಲ. ನೀವೆಲ್ಲ ವಾಹನ ಹತ್ತಿ ನೈರೋಬಿಗೆ ಹೊರಟ ಮೇಲೆ, ಚಕ್ರದ ಗುರುತಿನ ಮೇಲೆ.

ಆಮೇಲೆ ನನ್ನ ಕಡೆ ತಿರುಗಿದರು. ನಾನು ನಿನ್ನನ್ನು ಮದುವೆಯಾಗಿ ಬಂದ ದಿನ, ಏನು ಕೊಡುತ್ತೀರೆಂದು ಹೇಳದೆ ಹಟ್ಟಿಯೊಳಗೆ ಕಾಲಿಡುವುದಿಲ್ಲವೆಂದು ಬಿಸಿಲಲ್ಲಿ ಹಟ ಹಿಡಿದು ನಿಂತಾಗ, ಕೆಂಪು ಹಸು ನಿನ್ನದು ಬಾ ಎಂದು ಮೊದಲು ಕೂಗಿದವರು ಅವರು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆದದ್ದು ಆ ಹಸುವಿನ ನೆಂಟಿನಿಂದಲೇ, ಹಸು ಕೊಟ್ಟವರೂ ಪಡೆದವರೂ ಒಬ್ಬರನ್ನೊಬ್ಬರು ಕರೆಯುವಂತೆ, ಪಕಿತೆಂಗ್ ಎಂದು. ಈ ಲೋಕದಲ್ಲಿ ಅವರನ್ನು ಹಾಗೆ ಕರೆಯುವವಳು ನಾನೊಬ್ಬಳೇ.

“ಪಕಿತೆಂಗ್, ಅವನು ಓದಿದವನು, ಅವನಿಗೆ ಇದು ಕಾಣಿಸ್ಲಿಲ್ಲ ಅನ್ಸತ್ತೆ. ನೀನು ನೋಡು,” ಎಂದು ಆ ಹುಲ್ಲನ್ನು ನನ್ನ ಕೈಯಲ್ಲಿಟ್ಟರು.

ಬೀಗದ ಕೈ ನನ್ನ ಸೊಂಟದಲ್ಲಿತ್ತು. ತೆರೆದೆ.

ಹನ್ನೊಂದು ದಿನ. ಆ ಮಂದೆಯಲ್ಲಿ ನನ್ನ ಕೆಂಪು ಹಸುವಿನ ಸಂತಾನ ನಾಲ್ಕಿದ್ದವು. ಇದನ್ನೂ ಬರೆದುಬಿಡುತ್ತೇನೆ, ಕರುಣೆ ಎಂದು ಓದಿಕೊಳ್ಳಬೇಡ. ಹದಿನಾಲ್ಕು ವರ್ಷ ಯಾವ ಬಾಯಿಯೂ ಮುಟ್ಟದ ಹುಲ್ಲು ಬೇರಿನ ತನಕ ಹೋಯಿತು. ಒಣ ಹುಲ್ಲು ಹರಿಯುವ ಸದ್ದು ಶಿಬಿರದ ತನಕ ಕೇಳುತ್ತಿತ್ತು. ಹನ್ನೆರಡನೇ ದಿನ ಅವರು ಬೆಟ್ಟದ ಕಡೆ ಹೊರಟರು. ಐವತ್ತಮೂರರಲ್ಲಿ ಮೂವತ್ತೊಂದು ಮಳೆ ಕಂಡವು. ಆ ವರ್ಷ ಇಲ್ಲಿ ಅಷ್ಟು ಉಳಿಸಿಕೊಂಡವರು ಇನ್ನೊಬ್ಬರಿಲ್ಲ.

ಸಾಕ್ಷಿ ಅಳಿಸುವುದು ನಮಗೆ ಕಷ್ಟವಾಗಲಿಲ್ಲ. ನಮ್ಮ ಹಟ್ಟಿಯ ನಾಲಾಂಗು ಮತ್ತು ಅವಳ ಸೊಸೆಯಂದಿರು ಬುಟ್ಟಿ ತಂದರು. ಹೆಂಗಸರು ಸಗಣಿ ಹೊತ್ತು ಹೋದರೆ ಯಾರು ತಿರುಗಿ ನೋಡುತ್ತಾರೆ? ಒಂದು ಬೊಟ್ಟು ಬಿಡದೆ ಬಳಿದು ಒಯ್ದರು, ನಾಲ್ಕು ಮನೆಯ ಗೋಡೆ ಹೊಸದಾಯಿತು. ಗೊರಸಿನ ಗುರುತನ್ನು ಕೊಂಬೆಯಿಂದ ಗುಡಿಸಿದೆ. ನಾವು ಲೆಕ್ಕಕ್ಕೆ ಹಿಡಿಯದ್ದು ನಮಗಿಂತ ಮೊದಲು ತಮ್ಮ ಪಾಲನ್ನು ಉಂಡೆ ಮಾಡಿ ನೆಲದೊಳಗೆ ಇಳಿಸಿದ್ದ ಹುಳುಗಳನ್ನು. ಗೋಡೆಗೆ ಬೇಕಾದ ಸಗಣಿಯನ್ನಷ್ಟೇ ಸಗಣಿ ಎಂದು ತಿಳಿದವರು ಮಾಡುವ ತಪ್ಪು ಅದು. ಅಕ್ಟೋಬರಿನಲ್ಲಿ ಎಂದಿನಂತೆ ಕುಳಿಗಳನ್ನು ತೆರೆದೆ, ಹುಳುಗಳನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ. ನನ್ನ ಕೈಯಿಂದಲೇ.

ಎಣಿಕೆಯನ್ನೂ ಮಾಡಿದೆ. ಸರಳುಗಳು ಬರಿ ನೆಲಕ್ಕೆ ತಾಗಿದವು, ಹಾಗೆಯೇ ಬರೆದೆ. ಮೇಯಿಸಿದ ದಿನಗಳು ಎಂಬ ಅಂಕಣದಲ್ಲಿ ಮಾತ್ರ ಸೊನ್ನೆ ಹಾಕಿದೆ. ಮೂವತ್ತು ವರ್ಷದಲ್ಲಿ ನಾನು ಬರೆದ ಒಂದೇ ಸುಳ್ಳು. ಅದರ ಮೇಲೆ ನೀನು ಮನೆ ಕಟ್ಟಿದೆ. ದನವೇ ಕಾಲಿಡದ ತುಂಡಿನಲ್ಲೂ ಹುಲ್ಲು ಪೂರ್ತಿ ಹೋಯಿತು, ಆದ್ದರಿಂದ ಬಯಲನ್ನು ಬೋಳು ಮಾಡಿದ್ದು ದನವಲ್ಲ, ಆಕಾಶ: ಇದೇ ಅಲ್ಲವೇ ನಿನ್ನನ್ನು ನೀನಾಗಿಸಿದ ವಾಕ್ಯ? ಉಳಿದ ಹನ್ನೊಂದು ತುಂಡುಗಳು ಏನು ಹೇಳುತ್ತಿದ್ದವೋ ಅದನ್ನು ಕೇಳುವ ತಾಳ್ಮೆ ನಿನಗಿರಲಿಲ್ಲ. ಒಂದು ಸಲ ಬಂದು ಮಂಡಿಯೂರಿ ನೋಡಿದ್ದರೆ, ಬರಕ್ಕೆ ಒಣಗಿದ ಬುಡ ಯಾವುದು, ಹಲ್ಲಿಗೆ ಸಿಕ್ಕಿದ ಬುಡ ಯಾವುದು ಎಂದು ತಿಳಿಯುತ್ತಿತ್ತು. ನಿನ್ನ ಪ್ಯಾಂಟಿನ ಮಂಡಿ ಮಾಸಲಿಲ್ಲ.

ನಾನೇಕೆ ಇಷ್ಟು ವರ್ಷ ಸುಮ್ಮನಿದ್ದೆ? ನಿನ್ನನ್ನು ಕಾಪಾಡಲು ಎಂದು ನೀನು ತಿಳಿದರೆ ಅದೂ ನಿನ್ನ ಸಂಶೋಧನೆಗಳಲ್ಲೊಂದು. ನಿನ್ನ ಆ ವಾಕ್ಯ ಹಿಡಿದುಕೊಂಡೇ ನಮ್ಮ ಮೇವಿನ ಸಮಿತಿ ಪಕ್ಕದ ವನ್ಯಧಾಮದವರ ಬಾಗಿಲು ತಟ್ಟಿತು, ಬೇಸಿಗೆಯಲ್ಲಿ ಮೂರು ತಿಂಗಳು ದನ ಬಿಡುವ ಒಪ್ಪಂದವಾಯಿತು. ಅದರಿಂದ ಬದುಕಿದ ಹಟ್ಟಿಗಳಿವೆ. ಸುಳ್ಳಿನ ಮೇಲೆ ನಿಂತ ಹುಲ್ಲು ದನದ ಹೊಟ್ಟೆಯಲ್ಲಿ ನಿಜವಾಗಿಯೇ ಹಾಲಾಗುತ್ತಿತ್ತು. ಇದು ಒಂದು ಕಾರಣ. ಇನ್ನೊಂದನ್ನು ಬರೆಯುವ ಮೊದಲು ಎದ್ದು ಹೋಗಿ ಮೇಕೆಗೆ ನೀರಿಟ್ಟು ಬಂದೆ. ವೇದಿಕೆಯಿಂದ ವೇದಿಕೆಗೆ ನೀನು ಹತ್ತುವುದನ್ನು ನೋಡುವಾಗ, ಅವನ ಕಾಲ ಕೆಳಗಿರುವುದು ನನ್ನ ಸೊನ್ನೆ, ನಾನು ಬೇಕೆಂದಾಗ ಎಳೆಯಬಹುದು, ಎಂದುಕೊಳ್ಳುವುದರಲ್ಲಿ ನನಗೊಂದು ಸುಖವಿತ್ತು. ಗಂಡನಿಲ್ಲದ ಮನೆಯಲ್ಲಿ ಆ ಸುಖವೇ ಬಹಳ ವರ್ಷ ನನ್ನ ಜೊತೆಗಿತ್ತು. ನಿನ್ನನ್ನು ಕೀಳಾಗಿ ಕಾಣುತ್ತ ಕಾಣುತ್ತ ನಾನೂ ಹೆಚ್ಚೇನೂ ಎತ್ತರ ಬೆಳೆಯಲಿಲ್ಲ.

ಕಳೆದ ಭಾನುವಾರ ಸಮಿತಿಯವರನ್ನು ಮರದಡಿಗೆ ಕರೆದು ಎಲ್ಲವನ್ನೂ ಹೇಳಿದೆ. ಕಳೆದುಕೊಳ್ಳುವವರು ಅವರು, ಮೊದಲು ಕೇಳುವ ಹಕ್ಕು ಅವರದು. ಸಮಿತಿಯ ಹಿರಿಯ ಮೊಯ್ರೋ ನಶ್ಯದ ಡಬ್ಬಿ ತಟ್ಟಿದ. “ಹದಿನಾರು ವರ್ಷ ಹೊಟ್ಟೇಲಿಟ್ಕೊಂಡಿದ್ದವಳಿಗೆ ಇನ್ನೊಂದು ಹತ್ತು ವರ್ಷ ಇಟ್ಕೊಳ್ಳೋಕೆ ಏನು ರೋಗ ಬಂದಿತ್ತು ತಾಯಿ? ನಾವೆಲ್ಲ ಸತ್ತ ಮೇಲೆ ಹೇಳಿದ್ರೆ ಆಗ್ತಿತ್ತು,” ಅಂದ. ಎಲ್ಲರೂ ನಕ್ಕರು. ಅವನ ತಂಗಿಯ ಮಗ ಲೆಕುಟಿ ನಗಲಿಲ್ಲ. “ಜುಲೈನಲ್ಲಿ ಒಪ್ಪಂದ ಮತ್ತೆ ಬರೀಬೇಕು. ಅವರು ಆಗಲ್ಲ ಅಂದ್ರೆ ನಿನ್ನ ಪುಸ್ತಕ ತಿನ್ನುತ್ತಾ ನನ್ನ ದನ?” ಎಂದು ಕೇಳಿದ.

ನಾಲಾಂಗು ಬಾಯಿ ಹಾಕಿದಳು. “ಸಗಣಿ ಹೊತ್ತವಳು ನಾನು. ನಾಳೆ ಆ ಹುಡುಗಿ ಬಂದು ನನ್ನ ಗೋಡೆ ಕೆದಕಿ ಕೇಳಿದ್ರೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲಪ್ಪ. ಹಲ್ಲೇ ಇಲ್ಲ, ಸುಳ್ಳು ನಿಲ್ಲಲ್ಲ, ಜಾರಿಹೋಗತ್ತೆ.”

“ನಿನಗೆ ಹಲ್ಲಿದ್ದಾಗ್ಲೂ ನಿಂತಿರ್ಲಿಲ್ಲ,” ಅಂದ ಮೊಯ್ರೋ. ಆಮೇಲೆ ಲೆಕುಟಿಯ ಕಡೆ ನೋಡಿ, “ಕದ್ದ ದನ ತಾನಾಗೇ ಕೂಗಿದ ಮೇಲೆ ಕಳ್ಳ ಮಾತಾಡಿ ಏನು ಬಂತು? ಹುಳು ಆಗ್ಲೇ ಕೂಗಿದೆ. ಅವರಿವರ ಬಾಯಿಂದ ಹೋಗೋದಕ್ಕಿಂತ ನಾವೇ ಹೋಗಿ ಹೇಳೋಣ. ಹುಲ್ಲು ಹಿಡ್ಕೊಂಡೇ ಹೋಗೋಣ. ಧಾಮದವರಿಗೆ ಅರ್ಥ ಆಗ್ದೇ ಇರಬಹುದು. ಅರ್ಥ ಆಗೋನು ಏನು ಕಡಿದು ಹಾಕಿದ ಅಂತ ನೋಡಿದ್ವಲ್ಲ,” ಅಂದ. ಅವನು ನಿನ್ನ ಹೆಸರು ಹೇಳಲಿಲ್ಲ. ಸತ್ತವರ ಹೆಸರನ್ನಷ್ಟೇ ಹೇಳುವುದಿಲ್ಲ ಎಂದು ನಾನು ತಿಳಿದಿದ್ದೆ.

ಲೆಕುಟಿ ಎದ್ದು ಹೋದ. ಅವನಿಗೆ ಕೋಪ ಬರುವುದು ನ್ಯಾಯ. ಆದರೆ ಮರುದಿನ ಬೆಳಿಗ್ಗೆ ಬಂದು, ಧಾಮಕ್ಕೆ ಹೋಗುವವರ ಜೊತೆ ತಾನೂ ಹೋಗುತ್ತೇನೆಂದು ನನಗಲ್ಲ, ನನ್ನ ಮೇಕೆಗೆ ಹೇಳಿ ಹೋದ.

ಹಾಗಾಗಿ ನಿನ್ನ ಹೇಳಿಕೆಯನ್ನು ಸಹಿ ಹಾಕಿಯೇ ಕಳಿಸುತ್ತಿದ್ದೇನೆ. ತೆರೆದಿಲ್ಲ ಎಂಬುದನ್ನು ಹೊಡೆದು, ಹನ್ನೊಂದು ದಿನ ತೆರೆದಿತ್ತು, ತೆರೆದವಳು ನಾನು, ಎಂದು ಬರೆದಿದ್ದೇನೆ. ಗೆದ್ದಲು ಎಂಬ ಕಡೆ ಏನೂ ಬರೆದಿಲ್ಲ, ಗೆದ್ದಲಿಗೆ ಮಾನವಿದೆ. ಪುಸ್ತಕವನ್ನು ನಾಳೆ ಮ್ವೆಂಡೆಗೆ ಕೊಡುತ್ತೇನೆ. ಒಂಬತ್ತನೇ ತುಂಡಿನ ಒಂದು ವರ್ಷ ಹೋದರೆ ಮೂವತ್ತು ವರ್ಷದ ಕೆಲಸ ಹೋಗುವುದಿಲ್ಲ, ಸರಿಯಾಗಿ ಎಣಿಸಿದ ಬೇರೆ ತುಂಡುಗಳಿವೆ, ಬೇರೆ ವರ್ಷಗಳಿವೆ, ಎಂದು ಅವಳು ಹೇಳುತ್ತಾಳೆ. ಹನ್ನೊಂದು ದಿನ ತಿಂದ ಹುಲ್ಲು ಮತ್ತೆ ಬರಲು ಆರು ವರ್ಷ ಹಿಡಿಯಿತಲ್ಲ, ಅದೇ ಒಂದು ದೊಡ್ಡ ವಿಷಯ ಎನ್ನುತ್ತಾಳೆ. ಅವಳು ಬಯಲಿಗೆ ಬಂದು ಮಂಡಿಯೂರುತ್ತಾಳೆ, ನೋಡಿದ್ದೇನೆ. ಹೋಗುವುದು ನಿನ್ನ ಒಂದು ವಾಕ್ಯ. ಅದಿಲ್ಲದೆ ನೀನು ಎಷ್ಟು ಉಳಿಯುತ್ತೀಯೋ ಅಷ್ಟೇ ನೀನು.

ಇಪ್ಪತ್ತನಾಲ್ಕಕ್ಕೆ ನಾನು ಬರುವುದಿಲ್ಲ. ನಾಲ್ಕನೇ ಪುಟ ತೆಗೆದುಹಾಕು ಎಂದು ಬೇಡುವುದೂ ಇಲ್ಲ. ನಿನ್ನ ಮುಂದೆ ಹುಲ್ಲು ಎತ್ತಿ ಹಿಡಿದರೆ ಏನಾಗುತ್ತದೆ ಎಂದು ನೋಡಿದವಳು ನಾನು.

ನಿನ್ನ ಅಪ್ಪ ಹಸು ಕೊಟ್ಟು ಒಳಗೆ ಕರೆದುಕೊಂಡವಳು,
ಸೆಮೆಯಾನ್

ಮರೆತದ್ದು: ಕಾಗದ ಮಡಚಿದ ಮೇಲೆ ನೆನಪಾಯಿತು. ಅಂದು ನಿನ್ನ ಅಪ್ಪ ನನ್ನ ಕೈಯಲ್ಲಿಟ್ಟ ಹುಲ್ಲನ್ನು ಏನು ಮಾಡಬೇಕೆಂದು ತಿಳಿಯದೆ, ನನಗೆ ಗೊತ್ತಿರುವುದನ್ನೇ ಮಾಡಿದ್ದೆ: ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಚೀಟಿ ಬರೆದು, ನಿನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಅದರ ಜಾಗದಲ್ಲಿಟ್ಟೆ. ಸ್ಥಳ: ಒಂಬತ್ತನೇ ತುಂಡು, ಬೇಲಿಯ ಒಳಗೆ. ಜೊತೆಯಲ್ಲಿ: ಐವತ್ತಮೂರು ದನ. ಸಂಗ್ರಹಿಸಿದವರು: ಪಕಿತೆಂಗ್. ಪುಸ್ತಕದ ಸುಳ್ಳಿಗೆ ಅದೊಂದು ನಿಜ ಜೊತೆಗಿರಲಿ ಎಂದಿರಬೇಕು. ನೀನು ಮೇಜಿಗೆ ತಂದಿಟ್ಟ ಹಾಳೆಗಳನ್ನಷ್ಟೇ ತಿದ್ದುವವನು, ಎಂದೂ ಆ ಕಪಾಟು ತೆರೆಯುವವನಲ್ಲ, ನಿನಗೆ ಏನೂ ತಿಳಿದಿರಲಿಲ್ಲ, ಎಂದುಕೊಂಡೇ ಈ ಕಾಗದವನ್ನೆಲ್ಲ ಬರೆದೆ.

ಈಗ ಹೋಗಿ ಹಾಳೆ ತೆಗೆದೆ. ಚೀಟಿಯ ಮೂಲೆಯಲ್ಲಿ ಚೂಪು ಪೆನ್ಸಿಲಿನ ಸಣ್ಣ ಅಕ್ಷರಗಳಿವೆ. ಸ್ಥಳ ಅನುಮಾನಾಸ್ಪದ. ಕೆಳಗೆ ದಿನಾಂಕ, ಮಾರ್ಚ್ ೨೦೧೧. ನಿನ್ನ ಅಪ್ಪ ತೀರಿಕೊಂಡ ಮರುತಿಂಗಳು, ನಿನ್ನ ಆ ವಾಕ್ಯ ಅಚ್ಚಿಗೆ ಹೋಗುವ ಮೊದಲು.

ಅದನ್ನು ಅಳಿಸಿಲ್ಲ. ಅದರ ಕೆಳಗೆ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ನಾಳೆ ಪುಸ್ತಕದ ಜೊತೆ ಹಾಳೆಯೂ ಮ್ವೆಂಡೆಯ ಕೈಗೆ ಹೋಗುತ್ತದೆ. ಪೆನ್ಸಿಲ್ ಬರಹ: ಸಂಗ್ರಹಿಸಿದವರ ಮಗನದು.